ರಾತ್ರಿ ಇಡೀ ಆಟ, ಪ್ಲೇಯರ್‌ನಲ್ಲಿ ಬರೀ 0:12

ಪ್ರಶ್ನೆ: ನಮ್ಮದು ಉಡುಪಿ ಹತ್ತಿರದ ಒಂದು ಹವ್ಯಾಸಿ ಯಕ್ಷಗಾನ ಸಂಘ. ಹಳೇ ಆಟ, ತಾಳಮದ್ದಳೆಗಳ ರೆಕಾರ್ಡಿಂಗ್ ನನ್ನ ಹತ್ತಿರ ಇದೆ, ಹೆಚ್ಚಿನವು ಕ್ಯಾಮ್‌ಕಾರ್ಡರಿನ ಎಂಟಿಎಸ್ ಫೈಲ್‌ಗಳು. ಎಲ್ಲ ಸೇರಿಸಿ ಒಂದು ಸಣ್ಣ ವೆಬ್‌ಸೈಟ್ ಮಾಡಿದ್ದೇನೆ. ಯಾರಾದರೂ ಪ್ಲೇ ಒತ್ತಿದರೆ ಸರ್ವರ್‌ನಲ್ಲಿ ಎಫ್‌ಎಫ್‌ಎಂಪೆಗ್ (ವಿಡಿಯೋದ ರೂಪ ಬದಲಿಸುವ ಸಾಫ್ಟ್‌ವೇರ್) ಓಡಿ, ಆಗಲೇ ಎಂಪಿ4 ಮಾಡಿ ನೇರ ಬ್ರೌಸರ್‌ಗೆ ಕಳಿಸುತ್ತದೆ. ಮೊದಲು ಎರರ್ ಬರುತ್ತಿತ್ತು, ಎಲ್ಲೋ ನೋಡಿ ‘ಫ್ರ್ಯಾಗ್ ಕೀಫ್ರೇಮ್’, ‘ಎಂಪ್ಟಿ ಮೂವ್’ ಅಂತ ಎರಡು ಆಯ್ಕೆ ಹಾಕಿದೆ, ಸರಿಯಾಯಿತು. ಈಗ ವಿಡಿಯೋ ಬರುತ್ತದೆ, ಆದರೆ ಒಟ್ಟು ಎಷ್ಟು ಹೊತ್ತಿನದು ಅಂತ ತೋರಿಸುವುದಿಲ್ಲ. 0:12, 0:25 ಅಂತ ಬೆಳೆಯುತ್ತಾ ಹೋಗುತ್ತದೆ. ಮುಂದೆ ಎಳೆಯಲು ಆಗುವುದಿಲ್ಲ. ಐಫೋನ್‌ನಲ್ಲಿ ಆಡುವುದೇ ಇಲ್ಲ. ಅದೇ ಮೂಲ ಫೈಲ್ ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರ್‌ನಲ್ಲಿ ಸರಿ ಇದೆ. ದುಬೈಯಲ್ಲಿರುವ ನಮ್ಮ ಹಳೇ ವೇಷಧಾರಿಯೊಬ್ಬರು ಬೆಳಗಿನ ಜಾವದ ತಮ್ಮ ವೇಷ ನೋಡಬೇಕು ಅಂತ ಕೂತರೆ ಪೂರ್ವರಂಗದಿಂದಲೇ ನೋಡಬೇಕಾಗುತ್ತದೆ. ಫೈಲ್ ಹಾಳಾಗಿದೆಯಾ? ಒಬ್ಬರು ‘ಎಕ್ಸ್ ಕಂಟೆಂಟ್ ಡ್ಯುರೇಶನ್’ ಹೆಡರ್ (ಸರ್ವರ್ ಉತ್ತರದ ಜೊತೆ ಕಳಿಸುವ ಮಾಹಿತಿಯ ಸಾಲು) ಹಾಕು ಅಂದರು, ಇನ್ನೊಬ್ಬರು ‘ಕಂಟೆಂಟ್ ಲೆಂತ್’ ಹಾಕು ಅಂದರು, ಮತ್ತೊಬ್ಬರು ಎಫ್‌ಎಫ್‌ಎಂಪೆಗ್‌ಗೆ ‘ಮೆಟಾಡೇಟಾ ಡ್ಯುರೇಶನ್’ ಅಂತ ಕೊಟ್ಟರೆ ಸಾಕು ಅಂದರು. ಯಾವುದು ಸರಿ?

ಉತ್ತರ:

ಫೈಲ್ ಹಾಳಾಗಿಲ್ಲ. ಮೊದಲು ಆ ಹೆದರಿಕೆ ಬಿಡಿ. ವಿಎಲ್‌ಸಿಯಲ್ಲಿ ಸರಿ ಇದೆ ಅಂದಮೇಲೆ ಮೂಲ ಗಟ್ಟಿ ಇದೆ, ತೊಂದರೆ ಇರುವುದು ನೀವು ಅದನ್ನು ಬಡಿಸುವ ರೀತಿಯಲ್ಲಿ. ಅವಧಿ ಕಾಣದ್ದು, ಮುಂದೆ ಎಳೆಯಲು ಆಗದ್ದು, ಐಫೋನ್ ಮುನಿಸಿಕೊಂಡದ್ದು, ಈ ಮೂರಕ್ಕೂ ಬೇರು ಒಂದೇ. ನನಗೆ ತಿಂಗಳಿಗೊಮ್ಮೆಯಾದರೂ ಮಂಗಳೂರಿನ ಯಾರಾದರೂ ಇದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ, ಮದುವೆ ವಿಡಿಯೋದವರು, ಕಾಲೇಜಿನ ಲೆಕ್ಚರ್ ಹಾಕುವವರು, ಒಮ್ಮೆ ಒಬ್ಬ ಚೆಂಡೆ ಕಲಿಸುವವರು. ಮೂರು ಗೆಳೆಯರು ಮೂರು ಔಷಧ ಹೇಳುವುದೂ ಪ್ರತಿ ಸಲ ಇದ್ದದ್ದೇ.

ಔಷಧಗಳ ವಿಷಯ ಆಮೇಲೆ. ಎಂಪಿ4 ಫೈಲಿನ ಒಳಗೆ ಎಂತ ಇದೆ ಅಂತ ಮೊದಲು ನೋಡುವ.

ಎಂಪಿ4 ಅಂದರೆ ಡಬ್ಬಿಗಳ ಸಾಲು. ಒಂದು ದೊಡ್ಡ ಡಬ್ಬಿಯಲ್ಲಿ ಚಿತ್ರ ಮತ್ತು ಧ್ವನಿಯ ಮಾಲು ತುಂಬಿರುತ್ತದೆ, ಅದರ ಹೆಸರು ಎಂಡ್ಯಾಟ್. ಇನ್ನೊಂದು ಡಬ್ಬಿ ಮೂವ್. ಇದು ಲೆಕ್ಕದ ಪುಸ್ತಕ. ಎಷ್ಟನೇ ಫ್ರೇಮ್ ಎಲ್ಲಿದೆ, ಎಷ್ಟು ಬೈಟ್ ಇದೆ, ಯಾವ ಕ್ಷಣಕ್ಕೆ ತೋರಿಸಬೇಕು, ಎಲ್ಲ ಇದರಲ್ಲಿ ಬರೆದಿರುತ್ತದೆ. ಮೂವ್ ಒಳಗೆ ಮತ್ತೊಂದು ಪುಟ್ಟ ಡಬ್ಬಿ, ಎಂವಿಎಚ್‌ಡಿ. ಒಟ್ಟು ಅವಧಿ ಇರುವುದು ಅಲ್ಲಿ, ಎರಡು ಸಂಖ್ಯೆಗಳಾಗಿ. ಒಂದು, ಸೆಕೆಂಡಿಗೆ ಎಷ್ಟು ಪಾಲು ಅಂತ. ಇನ್ನೊಂದು, ಒಟ್ಟು ಎಷ್ಟು ಪಾಲು ಅಂತ. ಮೊದಲನೆಯದು 1000, ಎರಡನೆಯದು 2,53,30,000 ಅಂತ ಇದ್ದರೆ 25,330 ಸೆಕೆಂಡು, ಅಂದರೆ 7 ಗಂಟೆ 2 ನಿಮಿಷ 10 ಸೆಕೆಂಡು. ಬ್ರೌಸರ್ ಅವಧಿ ತೋರಿಸುವುದು ಹೆಚ್ಚುಕಡಿಮೆ ಈ ಭಾಗಾಕಾರ ಮಾಡಿ, ಅಷ್ಟೇ. ಅದಕ್ಕೆ ಬೇರೆ ಯಾವ ದಿವ್ಯದೃಷ್ಟಿಯೂ ಇಲ್ಲ.

ಈಗ ಸಿಕ್ಕು ಎಲ್ಲಿ ನೋಡಿ. ಎಫ್‌ಎಫ್‌ಎಂಪೆಗ್ ಆ ಲೆಕ್ಕದ ಪುಸ್ತಕ ಬರೆಯುವುದು ಎಲ್ಲ ಫ್ರೇಮ್ ಮುಗಿದ ಮೇಲೆ, ಫೈಲಿನ ಬಾಲದಲ್ಲಿ. ಎನ್‌ಕೋಡರ್‌ಗೆ, ಅಂದರೆ ವಿಡಿಯೋ ಒತ್ತಿ ಬರೆಯುವ ಸಾಫ್ಟ್‌ವೇರ್‌ಗೆ, ಅವಧಿ ಗೊತ್ತಾಗುವುದು ಮಂಗಳ ಹಾಡಿದ ಮೇಲೆ, ಪ್ಲೇಯರ್‌ಗೆ ಅದು ಬೇಕಾಗುವುದು ಚೌಕಿಪೂಜೆಯ ಹೊತ್ತಿಗೆ. ಡಿಸ್ಕಿನ ಮೇಲಿನ ಫೈಲಾದರೆ ಹಿಂದೆ ಹೋಗಿ ತಿದ್ದಬಹುದು. ನಿಮ್ಮದು ಡಿಸ್ಕಲ್ಲ, ಬರೆದಷ್ಟೂ ನೇರ ಬ್ರೌಸರ್‌ಗೆ ಹರಿದು ಹೋಗುವ ಪೈಪು. ನಲ್ಲಿಯಿಂದ ಹೊರಗೆ ಹೋದ ನೀರನ್ನು ವಾಪಸ್ ಕರೆದು ಉಪ್ಪು ಹಾಕಲು ಆಗುವುದಿಲ್ಲವಲ್ಲ! ಅದಕ್ಕೇ ಮೊದಲು ನಿಮಗೆ ಎರರ್ ಬಂದದ್ದು. ಹಿಂದೆ ಹೋಗಲು ದಾರಿ ಇಲ್ಲ, ಆದ್ದರಿಂದ ಮಾಮೂಲಿ ಎಂಪಿ4 ಬರೆಯುವುದಿಲ್ಲ ಅಂತ ಅದು ಪ್ರಾಮಾಣಿಕವಾಗಿಯೇ ಹೇಳಿತ್ತು.

ಆಮೇಲೆ ನೀವು ಹಾಕಿದ ಆಯ್ಕೆಯ ಹೆಸರೇ ನೋಡಿ, ‘ಎಂಪ್ಟಿ ಮೂವ್’. ಖಾಲಿ ಮೂವ್! ಲೆಕ್ಕದ ಪುಸ್ತಕ ಖಾಲಿ ಕೊಡು, ಪರವಾಗಿಲ್ಲ ಅಂತ ನೀವೇ ಬರೆದುಕೊಟ್ಟ ಹಾಗಾಯಿತು. ಎಫ್‌ಎಫ್‌ಎಂಪೆಗ್ ಒಟ್ಟು ಅವಧಿಯ ಜಾಗದಲ್ಲಿ ಸೊನ್ನೆ ಬರೆದು, ಮುಂದಿನದನ್ನೆಲ್ಲ ತುಂಡು ತುಂಡಾಗಿ ಕಳಿಸುತ್ತದೆ. ಪ್ರತಿ ತುಂಡಿಗೂ ಅದರದ್ದೇ ಒಂದು ಸಣ್ಣ ಚೀಟಿ, ಅದರಲ್ಲಿ ಆ ತುಂಡಿನ ಲೆಕ್ಕ ಮಾತ್ರ. ಹಾಗಾಗಿ ಪ್ಲೇಯರ್‌ಗೆ ಬಂದಷ್ಟು ತುಂಡುಗಳು ಮಾತ್ರ ಗೊತ್ತು. 0:12, 0:25 ಅಂತ ಬೆಳೆದದ್ದು ಅದೇ. ಇದೇ ಫೈಲಿಗೆ ಒಂದು ಬ್ರೌಸರ್ ಬೆಳೆಯುವ ಸಂಖ್ಯೆ ತೋರಿಸುತ್ತದೆ, ಇನ್ನೊಂದು ‘ಲೈವ್’ ಅನ್ನುತ್ತದೆ, ಮತ್ತೊಂದು ಸುಮ್ನೆ ಖಾಲಿ ಬಿಡುತ್ತದೆ.

ಎಂಪಿ4 ಬದಲು ವೆಬ್‌ಎಂ ಅನ್ನುವ ಇನ್ನೊಂದು ವಿಡಿಯೋ ರೂಪ ಮಾಡಿದರೂ ಇದೇ ಕಥೆ. ಅದರಲ್ಲಿ ಅವಧಿಗೆ ಶುರುವಿನಲ್ಲೇ ಒಂದು ಜಾಗ ಕಾದಿರಿಸಿ, ಕೊನೆಗೆ ವಾಪಸ್ ಬಂದು ತುಂಬುವುದು ಕ್ರಮ. ಪೈಪಿನಲ್ಲಿ ವಾಪಸ್ ಬರುವ ಮಾತೇ ಇಲ್ಲ. ಬ್ರೌಸರಿನಲ್ಲೇ ರೆಕಾರ್ಡ್ ಮಾಡಿದ ವೆಬ್‌ಎಂ ಫೈಲ್‌ಗಳಿಗೆ ಅವಧಿ ‘ಇನ್ಫಿನಿಟಿ’ ಅಂತ ಬರುವುದೂ ಇದೇ ಕಾರಣಕ್ಕೆ.

ಹಾಗಾದರೆ ವಿಎಲ್‌ಸಿಗೆ ಹೇಗೆ ಗೊತ್ತಾಯಿತು? ಎಂಟಿಎಸ್ ಫೈಲಿನ ತಲೆಯಲ್ಲಿ ಅವಧಿ ಅಂತ ಇರುವುದೇ ಇಲ್ಲ. ಆದರೆ ಫೈಲ್ ನಿಮ್ಮ ಕಂಪ್ಯೂಟರಿನಲ್ಲೇ ಇದೆ, ವಿಎಲ್‌ಸಿ ಒಂದು ಹಾರು ಹಾರಿ ಬಾಲಕ್ಕೆ ಹೋಗಿ ಕೊನೆಯ ಸಮಯದ ಮುದ್ರೆ ಓದಿ, ಮೊದಲನೆಯದನ್ನು ಕಳೆದು ಹೇಳಿಬಿಡುತ್ತದೆ. ಪೈಪಿಗೆ ಬಾಲ ಇಲ್ಲ.

ಐಫೋನ್ ವಿಷಯ ಕೂಡ ಹತ್ತಿರದ್ದೇ. ಐಫೋನಿನ ಬ್ರೌಸರ್ ಸಫಾರಿ ವಿಡಿಯೋ ಶುರು ಮಾಡುವ ಮೊದಲು ಸರ್ವರ್‌ಗೆ ಒಂದು ಸಣ್ಣ ಪರೀಕ್ಷೆ ಕೊಡುತ್ತದೆ: ಮೊದಲ ಎರಡು ಬೈಟ್ ಮಾತ್ರ ಕೊಡು ನೋಡುವ ಅಂತ. ಸರ್ವರ್ 206 (ಇದು ಕೇಳಿದ ಭಾಗ ಮಾತ್ರ) ಅನ್ನುವ ಉತ್ತರದ ಜೊತೆ ಆ ಎರಡೇ ಬೈಟ್ ಕೊಟ್ಟು, ಒಟ್ಟು ಫೈಲ್ ಇಷ್ಟು ದೊಡ್ಡದು ಅಂತ ಹೇಳಬೇಕು. ನಿಮ್ಮ ಪೈಪು ಆ ಪ್ರಶ್ನೆ ಕೇಳಿಸಿಕೊಳ್ಳುವುದೇ ಇಲ್ಲ, 200 (ಇದು ಪೂರ್ತಿ ಫೈಲ್) ಅಂತ ಹೇಳಿ ಮೊದಲಿನಿಂದ ಸುರಿಯಲು ಶುರು ಮಾಡುತ್ತದೆ. ಸಫಾರಿ ಬಾಗಿಲು ಹಾಕಿಕೊಳ್ಳುತ್ತದೆ. ಬೇರೆ ಬ್ರೌಸರ್‌ಗಳು ಸ್ವಲ್ಪ ಉದಾರ, ಆಡಿಸುತ್ತವೆ. ಆದರೆ ಮಧ್ಯದಿಂದ ಬೇಕು ಅಂದಾಗ ಅವುಗಳಿಗೂ ಬೇಕಾದದ್ದು ಇದೇ 206. ಹಾಗಾಗಿ ನಿಮ್ಮ ದುಬೈ ವೇಷಧಾರಿಗೆ ಬೆಳಗಿನ ಜಾವ ಸಿಗುವುದಿಲ್ಲ.

ಈಗ ಮೂರು ಗೆಳೆಯರ ಮಾತು.

‘ಎಕ್ಸ್ ಕಂಟೆಂಟ್ ಡ್ಯುರೇಶನ್’ ಸುಳ್ಳಲ್ಲ, ಹಳತು. ಫೈರ್‌ಫಾಕ್ಸ್ ಒಂದು ಕಾಲದಲ್ಲಿ ಓಗ್ ಅನ್ನುವ ರೂಪದ ಫೈಲ್‌ಗಳಿಗೆ ಈ ಹೆಡರ್ ಓದುತ್ತಿತ್ತು, ಯಾಕೆಂದರೆ ಓಗ್‌ನಲ್ಲೂ ಅವಧಿ ತಲೆಯಲ್ಲಿ ಇರುವುದಿಲ್ಲ. 2015ರಲ್ಲಿ ಬಂದ 41ನೇ ಆವೃತ್ತಿಯಲ್ಲಿ ಅದನ್ನೂ ತೆಗೆದುಹಾಕಿದರು. ಈಗ ಹಾಕಿದರೆ ಅಪಾಯ ಏನಿಲ್ಲ, ಯಾರೂ ಓದುವುದಿಲ್ಲ ಅಷ್ಟೇ. ಇಂಟರ್ನೆಟ್‌ನಲ್ಲಿ ಹಳೇ ಸಲಹೆಗಳು ಸಾಯುವುದಿಲ್ಲ ಮಾರಾಯ್ರೇ, ಅದೇ ಕಷ್ಟ.

‘ಕಂಟೆಂಟ್ ಲೆಂತ್’ ಹೇಳುವುದು ಬೈಟ್ ಎಷ್ಟು ಅಂತ, ಹೊತ್ತು ಎಷ್ಟು ಅಂತ ಅಲ್ಲ. ಕಿಲೋಗಟ್ಟಲೆ ಕುಚ್ಚಲಕ್ಕಿ ಕೊಟ್ಟು ಎಷ್ಟು ದಿನ ಬರುತ್ತದೆ ಅಂತ ಕೇಳಿದ ಹಾಗೆ. ಒಬ್ಬನೇ ವೇಷಧಾರಿ ಕೂತು ಅರ್ಥ ಹೇಳುವ ದೃಶ್ಯಕ್ಕೂ ಯುದ್ಧದ ಕುಣಿತಕ್ಕೂ ಸೆಕೆಂಡಿಗೆ ಬೇಕಾಗುವ ಬೈಟ್ ಬೇರೆ ಬೇರೆ. ಇದರಲ್ಲಿ ಅಪಾಯವೂ ಇದೆ. ಎನ್‌ಕೋಡ್ ಮುಗಿಯುವ ಮೊದಲು ಸರಿಯಾದ ಸಂಖ್ಯೆ ನಿಮಗೆ ಗೊತ್ತಿರುವುದಿಲ್ಲ, ಅಂದಾಜು ಹಾಕಬೇಕು. ಅಂದಾಜು ಜಾಸ್ತಿಯಾದರೆ ಕೊನೆಗೆ ಬ್ರೌಸರ್ ಇನ್ನೂ ಬರಬೇಕಿತ್ತು ಅಂತ ಎರರ್ ಕೊಡುತ್ತದೆ. ಕಡಿಮೆಯಾದರೆ ಮಂಗಳಕ್ಕೆ ಮೊದಲೇ ಪರದೆ ಬೀಳುತ್ತದೆ. ಪೈಪಿಗೆ ಇದನ್ನು ಹಾಕಲೇಬೇಡಿ.

‘ಮೆಟಾಡೇಟಾ ಡ್ಯುರೇಶನ್’ ಅನ್ನುವುದು ಎಂಪಿ4ನಲ್ಲಿ ಬರೀ ಹೆಸರುಪಟ್ಟಿ. ಶೀರ್ಷಿಕೆ, ಕಲಾವಿದ, ವರ್ಷ ಬರೆಯುವ ಜಾಗ. ಅದರಲ್ಲೂ ಎಫ್‌ಎಫ್‌ಎಂಪೆಗ್ ತನಗೆ ಗೊತ್ತಿಲ್ಲದ ಹೆಸರು ಕಂಡರೆ ಬೇರೆ ಆಯ್ಕೆ ಕೊಡದ ಹೊರತು ಬಿಟ್ಟುಬಿಡುತ್ತದೆ. ಎಂವಿಎಚ್‌ಡಿ ಡಬ್ಬಿಗೆ ಇದರಿಂದ ಬಿಸಿಯೂ ತಾಗುವುದಿಲ್ಲ.

ಮೂವರೂ ಹೇಳದ ಒಂದು ವಿಷಯ ಇದೆ. ಅವಧಿ ನಿಮಗೆ ಗೊತ್ತಿಲ್ಲ ಅಂತ ಏನೂ ಇಲ್ಲ. ಗೊತ್ತಿದೆ! ಇದು ನೇರ ಪ್ರಸಾರ ಅಲ್ಲ, ಆಟ ಮುಗಿದು ಎಷ್ಟೋ ವರ್ಷ ಆಗಿದೆ. ಮೂಲ ಫೈಲ್ ನಿಮ್ಮ ಡಿಸ್ಕಿನಲ್ಲಿದೆ, ಎಫ್‌ಎಫ್‌ಪ್ರೋಬ್ ಅನ್ನುವ ಜೊತೆಗಾರ ಉಪಕರಣಕ್ಕೆ ಕೇಳಿದರೆ ಕ್ಷಣದಲ್ಲಿ ಹೇಳುತ್ತದೆ. ಗೊತ್ತಿರುವುದನ್ನು ಪ್ಲೇಯರ್‌ಗೆ ಹೊತ್ತಿಗೆ ಸರಿಯಾಗಿ ತಲುಪಿಸುವುದಷ್ಟೇ ನಿಮ್ಮ ಕೆಲಸ.

ಅಳೆಯುವಾಗ ಮಾತ್ರ ಒಂದು ಎಚ್ಚರ ಬೇಕು. ಕ್ಯಾಮ್‌ಕಾರ್ಡರ್‌ಗಳು ಉದ್ದದ ರೆಕಾರ್ಡಿಂಗನ್ನು ಕಾರ್ಡಿನ ಫೈಲ್ ಮಿತಿಯಿಂದಾಗಿ 2 ಜಿಬಿ ಅಥವಾ 4 ಜಿಬಿಯ ತುಂಡುಗಳಾಗಿ ಕತ್ತರಿಸುತ್ತವೆ. ಸೆಕೆಂಡಿಗೆ 17 ಮೆಗಾಬಿಟ್‌ನಲ್ಲಿ ಹಿಡಿದ ಏಳು ಗಂಟೆಯ ಆಟ ಅಂದರೆ ಸುಮಾರು 53 ಜಿಬಿ, 4 ಜಿಬಿಯಂತೆ ಹದಿಮೂರು ಹದಿನಾಲ್ಕು ತುಂಡು. ಒಂದೊಂದರ ಅವಧಿ ನೋಡಿ ಕೈಯಲ್ಲಿ ಕೂಡಿಸಬೇಡಿ, ಒಟ್ಟು ಸೇರಿಸಿ ತಯಾರಾದ ಕೊನೆಯ ಫೈಲನ್ನು ಅಳೆಯಿರಿ. ಇನ್ನೊಂದು, ಎಂಟಿಎಸ್‌ನಂತಹ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ಫೈಲ್‌ಗಳ ಗಡಿಯಾರ 33 ಬಿಟ್‌ನದ್ದು, ಸೆಕೆಂಡಿಗೆ 90,000 ಸಲ ಟಿಕ್ ಅನ್ನುತ್ತದೆ, ಸುಮಾರು 26 ಗಂಟೆ 30 ನಿಮಿಷಕ್ಕೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ನನ್ನ ಕೈಗೆ ಒಮ್ಮೆ ಒಂದು ಕೋಲದ ರೆಕಾರ್ಡಿಂಗ್ ಬಂದಿತ್ತು, ಕೇಬಲ್‌ಗೆ ನೇರ ಪ್ರಸಾರ ಮಾಡುವ ಪೆಟ್ಟಿಗೆಯಿಂದ ಹಿಡಿದದ್ದು. ಆ ಪೆಟ್ಟಿಗೆಯನ್ನು ಹಿಂದಿನ ದಿನದಿಂದ ಯಾರೂ ಆಫ್ ಮಾಡಿರಲಿಲ್ಲ. ನಡುವೆ ಗಡಿಯಾರ ಸೊನ್ನೆಗೆ ಬಂದು, ಎರಡು ಗಂಟೆಯ ವಿಡಿಯೋಕ್ಕೆ 26 ಗಂಟೆ ಚಿಲ್ಲರೆ ಅಂತ ಅವಧಿ ಬಿತ್ತು. ನಾನು ಕಣ್ಣುಮುಚ್ಚಿ ಅದನ್ನೇ ಡೇಟಾಬೇಸಿಗೆ ಹಾಕಿದ್ದೆ. ನೋಡಿದವರು ಫೋನ್ ಮಾಡಿ, ಎರಡು ದಿನ ಕೋಲ ಆಯಿತಾ ಸ್ವಾಮಿ ಅಂತ ಕೇಳಿದರು. ಅಂದಿನಿಂದ ಬೈಟ್ ಗಾತ್ರ, ಅವಧಿ ಎರಡನ್ನೂ ಒಮ್ಮೆ ಪಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ಮಾಡಿಕೊಂಡಿದ್ದೇನೆ.

ಇನ್ನು ದಾರಿಗಳು. ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ: ಪ್ಲೇ ಒತ್ತಿದಾಗ ಎನ್‌ಕೋಡ್ ಮಾಡುವುದನ್ನು ನಿಲ್ಲಿಸಿ, ಒಂದೇ ಸಲ ಮಾಡಿ ಇಟ್ಟುಕೊಳ್ಳಿ. ಜಾಗ ಇಲ್ಲ ಅನ್ನುತ್ತೀರಿ, ಅಲ್ವಾ? ಎಲ್ಲರೂ ಅದನ್ನೇ ಹೇಳುತ್ತಾರೆ. ಲೆಕ್ಕ ಮಾಡುವ. ಏಳು ಗಂಟೆಯ ಆಟವನ್ನು ಸೆಕೆಂಡಿಗೆ ಒಂದು ಮೆಗಾಬಿಟ್‌ಗೆ ಇಳಿಸಿದರೆ ಸುಮಾರು 3.15 ಜಿಬಿ. ಮೂಲ 53 ಜಿಬಿ. ಅಂದರೆ 53 ಇಟ್ಟುಕೊಂಡವರು ಇನ್ನೊಂದು ಮೂರಕ್ಕೆ ಜಾಗ ಇಲ್ಲ ಅನ್ನುತ್ತಿದ್ದಾರೆ! ಮೂಲವನ್ನು ಸರ್ವರ್‌ನಲ್ಲಿ ಇಡುವ ಅಗತ್ಯವೇ ಇಲ್ಲ, ಮನೆಯಲ್ಲಿ ಎರಡು ಹಾರ್ಡ್ ಡಿಸ್ಕಿನಲ್ಲಿ ಇಡಿ (ಎರಡರಲ್ಲಿ, ಒಂದರಲ್ಲಲ್ಲ, ನಮ್ಮ ಕರಾವಳಿಯ ತೇವಕ್ಕೆ ಡಿಸ್ಕ್ ಯಾವಾಗ ಕೈಕೊಡುತ್ತದೋ ಹೇಳಲಾಗದು), ಸಣ್ಣದನ್ನು ಮಾತ್ರ ಸರ್ವರ್‌ಗೆ ಏರಿಸಿ. ಹತ್ತು ಜನ ಒಟ್ಟಿಗೆ ಪ್ಲೇ ಒತ್ತಿದರೆ ಹತ್ತು ಎಫ್‌ಎಫ್‌ಎಂಪೆಗ್ ಓಡಿ ಸರ್ವರ್ ಏದುಸಿರು ಬಿಡುವುದೂ ತಪ್ಪುತ್ತದೆ.

ಮಾಡಿಟ್ಟುಕೊಳ್ಳುವುದರಲ್ಲೂ ಎರಡು ಬಗೆ. ತಾಳಮದ್ದಳೆ, ಕಾಲಮಿತಿಯ ಆಟ, ಎರಡು ಮೂರು ಗಂಟೆಯೊಳಗಿನದ್ದಾದರೆ ಮಾಮೂಲಿ ಎಂಪಿ4 ಸಾಕು. ‘ಫಾಸ್ಟ್‌ಸ್ಟಾರ್ಟ್’ ಅನ್ನುವ ಆಯ್ಕೆ ಮರೆಯಬೇಡಿ. ಅದು ಬಾಲದಲ್ಲಿರುವ ಮೂವ್ ಡಬ್ಬಿಯನ್ನು ತಂದು ತಲೆಗೆ ಕೂರಿಸುತ್ತದೆ. ಇಲ್ಲದಿದ್ದರೆ ಲೆಕ್ಕದ ಪುಸ್ತಕ ಕೊನೆಯಲ್ಲೇ ಉಳಿದು, ಬ್ರೌಸರ್ ಅದನ್ನು ಹುಡುಕಿಕೊಂಡು ಬಾಲಕ್ಕೆ ಓಡಬೇಕು, ನಿಧಾನದ ನೆಟ್‌ವರ್ಕಿನಲ್ಲಿ ಅದೇ ಒಂದು ದೊಡ್ಡ ಕಾಯುವಿಕೆ. ಈಗಾಗಲೇ ಮಾಡಿಟ್ಟ ಎಂಪಿ4 ಇದ್ದರೆ ಮತ್ತೆ ಎನ್‌ಕೋಡ್ ಮಾಡಬೇಕಿಲ್ಲ, ‘ಕಾಪಿ’ ಅಂತ ಹೇಳಿ ಡಬ್ಬಿ ಮಾತ್ರ ಸರಿಸಬಹುದು. ಗುಣಮಟ್ಟ ಒಂದು ಚೂರೂ ಕಡಿಮೆಯಾಗುವುದಿಲ್ಲ.

ಇದರ ಅಪಾಯ ಮಳೆಗಾಲದಲ್ಲಿ ಗೊತ್ತಾಗುತ್ತದೆ. ಜೂನ್ ತಿಂಗಳು, ಐದು ಗಂಟೆ ಎನ್‌ಕೋಡ್ ಓಡಿದೆ, ಇನ್ನು ಹತ್ತು ನಿಮಿಷ ಬಾಕಿ, ಎಲ್ಲೋ ತೆಂಗಿನ ಗರಿ ತಂತಿಗೆ ಬಿದ್ದು ಕರೆಂಟ್ ಹೋಯಿತು. ಮೂರು ಜಿಬಿಯ ಫೈಲ್ ಡಿಸ್ಕಿನಲ್ಲಿ ಇರುತ್ತದೆ, ಆದರೆ ಮೂವ್ ಬರೆದೇ ಇಲ್ಲ, ಒಂದು ಸೆಕೆಂಡೂ ಆಡುವುದಿಲ್ಲ. ನನಗೇ ಆಗಿದೆ, ಒಂದಲ್ಲ ಎರಡು ಸಲ. ಯುಪಿಎಸ್ ಇರಲಿ. ಮತ್ತೆ, ಫೈಲನ್ನು ಬೇರೆ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿ ಮುಗಿದು ಎಫ್‌ಎಫ್‌ಪ್ರೋಬ್ ಅವಧಿ ಸರಿ ಅಂದ ಮೇಲೆ ಮಾತ್ರ ನಿಜವಾದ ಹೆಸರು ಕೊಡಿ. ಅರ್ಧಂಬರ್ಧ ಫೈಲ್ ಸೈಟಿನಲ್ಲಿ ಕಾಣಿಸಿಕೊಳ್ಳುವುದು ಇದರಿಂದ ತಪ್ಪುತ್ತದೆ.

ರಾತ್ರಿ ಇಡೀ ಆಟಕ್ಕೆ ಮಾತ್ರ ನಾನು ಒಂಟಿ ಎಂಪಿ4 ಬೇಡ ಅನ್ನುತ್ತೇನೆ. ಯಾಕೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ, ಇದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಸೆಕೆಂಡಿಗೆ 25 ಫ್ರೇಮ್ ಅಂದರೆ ಏಳು ಗಂಟೆಗೆ 6,30,000 ಫ್ರೇಮ್. ಪ್ರತಿ ಫ್ರೇಮಿನ ಗಾತ್ರ ಬರೆಯಲು ಮೂವ್‌ನಲ್ಲಿ 4 ಬೈಟ್, ಅಲ್ಲಿಗೆ 25 ಲಕ್ಷ ಬೈಟ್. ಫ್ರೇಮ್‌ಗಳನ್ನು ಹಿಂದೆಮುಂದೆ ಮಾಡಿ ಒತ್ತುವ ಎನ್‌ಕೋಡಿಂಗ್ ಆದರೆ ತೋರಿಸುವ ಸಮಯದ ಲೆಕ್ಕಕ್ಕೆ ಒಂದೊಂದಕ್ಕೂ ಹೆಚ್ಚೆಂದರೆ ಇನ್ನು 8 ಬೈಟ್, ಅದು 50 ಲಕ್ಷ. ಧ್ವನಿಯದ್ದು ಬೇರೆಯೇ ಇದೆ. ಎಎಸಿ ಅನ್ನುವ ಧ್ವನಿ ರೂಪದಲ್ಲಿ 1024 ಸ್ಯಾಂಪಲ್‌ಗೆ ಒಂದು ತುಂಡು, ಸೆಕೆಂಡಿಗೆ 48,000 ಸ್ಯಾಂಪಲ್, ಏಳು ಗಂಟೆಗೆ ಸುಮಾರು 11.8 ಲಕ್ಷ ತುಂಡು, ನಾಲ್ಕರಂತೆ 47 ಲಕ್ಷ ಬೈಟ್. ಒಟ್ಟು ಹನ್ನೆರಡು ಎಂಬಿಯ ಹತ್ತಿರ ಬರೀ ಲೆಕ್ಕದ ಪುಸ್ತಕ. ಇಷ್ಟೂ ಇಳಿದ ಮೇಲೆಯೇ ಗಣಪತಿ ಸ್ತುತಿಯ ಮೊದಲ ಫ್ರೇಮ್ ಕಾಣುವುದು. ಊರಲ್ಲಿ ಎರಡು ಕಡ್ಡಿ ಸಿಗ್ನಲ್ ಇರುವ ಫೋನಿನಲ್ಲಿ ನೋಡುವವರಿಗೆ ಸೈಟೇ ಕೆಟ್ಟಿದೆ ಅನಿಸುತ್ತದೆ. ಎಂಜಿನ್‌ಎಕ್ಸ್ ಸರ್ವರ್‌ನ ಎಂಪಿ4 ಮಾಡ್ಯೂಲ್ ಬಳಸುತ್ತಿದ್ದರೆ ಇನ್ನೂ ಕಷ್ಟ. ಅದರಲ್ಲಿ ಮೂವ್‌ಗೆ ಮೊದಲೇ ಇಟ್ಟ ಮಿತಿ 10 ಎಂಬಿ, ದಾಟಿದರೆ 500 ಎರರ್.

ಇಂಥದ್ದಕ್ಕೆ ಎಚ್‌ಎಲ್‌ಎಸ್ ಒಳ್ಳೆಯದು. ಆ್ಯಪಲ್‌ನವರು 2009ರಲ್ಲಿ ತಂದ ಪದ್ಧತಿ. ವಿಡಿಯೋವನ್ನು ಸಣ್ಣ ಸಣ್ಣ ತುಂಡು ಫೈಲ್ ಮಾಡಿ, ಒಂದು ಪಟ್ಟಿ ಫೈಲ್ ಕೊಡುವುದು. ಪಟ್ಟಿಯಲ್ಲಿ ಪ್ರತಿ ತುಂಡಿನ ಮೇಲೆ ಅದು ಎಷ್ಟು ಸೆಕೆಂಡು ಅಂತ ಬರೆದಿರುತ್ತದೆ. ಪ್ಲೇಯರ್ ಎಲ್ಲ ಕೂಡಿಸಿ ಒಟ್ಟು ಅವಧಿ ಹೇಳುತ್ತದೆ. ಆರು ಸೆಕೆಂಡಿನ ತುಂಡಾದರೆ ಏಳು ಗಂಟೆಗೆ 4,200 ತುಂಡು, ಪಟ್ಟಿ ಹೆಚ್ಚೆಂದರೆ ನೂರಿನ್ನೂರು ಕೆಬಿ. ಹನ್ನೆರಡು ಎಂಬಿ ಎಲ್ಲಿ, ಇದೆಲ್ಲಿ! ಬೆಳಗಿನ ನಾಲ್ಕು ಗಂಟೆಯ ವೇಷ ಬೇಕಾದವರಿಗೆ ಆ ತುಂಡು ಮಾತ್ರ ಹೋಗುತ್ತದೆ. ಐಫೋನ್ ಇದನ್ನು ತಾನಾಗಿಯೇ ಆಡುತ್ತದೆ, ಬೇರೆ ಬ್ರೌಸರ್‌ಗಳಿಗೆ ಎಚ್‌ಎಲ್‌ಎಸ್ ಜೆಎಸ್ ಅನ್ನುವ ಉಚಿತ ಲೈಬ್ರರಿ ಸೇರಿಸಿ.

ಎರಡು ಗುಂಡಿ ಇವೆ, ಬೀಳಬೇಡಿ. ಪಟ್ಟಿಯ ಕೊನೆಯಲ್ಲಿ ‘ಎಂಡ್‌ಲಿಸ್ಟ್’ ಅನ್ನುವ ಸಾಲು ಇರಲೇಬೇಕು. ಇಲ್ಲದಿದ್ದರೆ ಪ್ಲೇಯರ್ ಇನ್ನೂ ಆಟ ನಡೆಯುತ್ತಿದೆ ಅಂತ ತಿಳಿದು ಲೈವ್ ಅಂತ ತೋರಿಸುತ್ತದೆ, ಅವಧಿ ಮತ್ತೆ ಮಾಯ. ಎರಡನೆಯದು, ಎಫ್‌ಎಫ್‌ಎಂಪೆಗ್ ಏನೂ ಹೇಳದಿದ್ದರೆ ಪಟ್ಟಿಯಲ್ಲಿ ಕೊನೆಯ ಐದು ತುಂಡು ಮಾತ್ರ ಉಳಿಸಿ ಹಿಂದಿನದನ್ನು ಕಿತ್ತುಹಾಕುತ್ತದೆ, ಅದು ಲೈವ್‌ಗೆ ಅಂತ ಇಟ್ಟದ್ದು. ಏಳು ಗಂಟೆಯ ಆಟ ಮಾಡಿ, ಸೈಟಿನಲ್ಲಿ ಬರೀ ಮಂಗಳ ಪದ್ಯ ಮಾತ್ರ ಉಳಿದ ಕೇಸ್ ನೋಡಿದ್ದೇನೆ. ಪ್ಲೇಲಿಸ್ಟ್ ಬಗೆ ‘ವಿಒಡಿ’ (ಲೈವ್ ಅಲ್ಲ, ಕೇಳಿದಾಗ ಆಡುವ ವಿಡಿಯೋ) ಅಂತ ಹೇಳಿ, ಎರಡೂ ಸರಿಹೋಗುತ್ತದೆ. ಕೀಫ್ರೇಮ್ (ಬೇರೆ ಫ್ರೇಮ್‌ಗಳ ಹಂಗಿಲ್ಲದ ಪೂರ್ಣ ಚಿತ್ರ, ತುಂಡು ಕತ್ತರಿಸುವುದು ಅಲ್ಲೇ) ಎರಡು ಸೆಕೆಂಡಿಗೊಂದು ಬರುವ ಹಾಗೆ ಇಟ್ಟರೆ ತುಂಡು ಆರಕ್ಕೆ ಸರಿಯಾಗಿ ಕತ್ತರಿಸುತ್ತದೆ, ಇಲ್ಲದಿದ್ದರೆ ಒಂದು ಎಂಟು, ಒಂದು ಹತ್ತು ಅಂತ ಒಟ್ರಾಶಿ ಬರುತ್ತದೆ.

ಇಲ್ಲ, ನನಗೆ ಆಗಲೇ ಎನ್‌ಕೋಡ್ ಮಾಡಿ ಕೊಡುವುದೇ ಬೇಕು ಅಂತ ಹಠ ಇದ್ದರೆ, ಅದಕ್ಕೂ ದಾರಿ ಇದೆ. ಜೆಲ್ಲಿಫಿನ್‌ನಂತಹ ಮೀಡಿಯಾ ಸರ್ವರ್‌ಗಳು ಮಾಡುವುದು ಇದನ್ನೇ: ಮೂಲದ ಅವಧಿ ಗೊತ್ತಿದೆ, ಹಾಗಾಗಿ ತುಂಡುಗಳು ಹುಟ್ಟುವ ಮೊದಲೇ ಪೂರ್ತಿ ಪಟ್ಟಿ ಬರೆದು ಕೊಟ್ಟುಬಿಡುತ್ತವೆ, ಕೇಳಿದ ತುಂಡನ್ನು ಆಗ ತಯಾರು ಮಾಡುತ್ತವೆ. ಕೇಳಲು ಚೆಂದ. ಆದರೆ ಪಟ್ಟಿಯಲ್ಲಿ ಬರೆದ ಸೆಕೆಂಡಿಗೂ ನಿಜವಾಗಿ ಹುಟ್ಟಿದ ತುಂಡಿಗೂ ತಾಳೆ ತಪ್ಪಿದರೆ ಚಿತ್ರ ಜಿಗಿಯುತ್ತದೆ, ಚೆಂಡೆಯ ಪೆಟ್ಟು ಒಂದು ಕಡೆ, ಹೆಜ್ಜೆ ಒಂದು ಕಡೆ ಆಗುತ್ತದೆ. ಯಾರಾದರೂ ಆಚೀಚೆ ಎಳೆದಾಡಿದಷ್ಟೂ ಸಲ ಎಫ್‌ಎಫ್‌ಎಂಪೆಗ್ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಕೈಯಲ್ಲಿ ಬರೆಯುವ ಬದಲು ಆ ಸಾಫ್ಟ್‌ವೇರನ್ನೇ ಹಾಕಿಕೊಳ್ಳಿ ಅನ್ನುತ್ತೇನೆ.

ಇನ್ನೊಂದು ಅಡ್ಡದಾರಿ ಇದೆ. ಪೈಪು ಇದ್ದ ಹಾಗೆ ಇರಲಿ, ಅವಧಿಯನ್ನು ಡೇಟಾಬೇಸಿನಿಂದ ತಂದು ನಿಮ್ಮದೇ ಒಂದು ನಿಯಂತ್ರಣ ಪಟ್ಟಿಯಲ್ಲಿ ತೋರಿಸುವುದು, ಎಳೆದಾಗ ‘ಇಷ್ಟನೇ ಸೆಕೆಂಡಿನಿಂದ ಕೊಡು’ ಅಂತ ಸರ್ವರ್‌ಗೆ ಹೊಸದಾಗಿ ಕೇಳುವುದು. ಬ್ರೌಸರಿನ ವಿಡಿಯೋ ಟ್ಯಾಗ್‌ನಲ್ಲಿ ಅವಧಿ ಓದಲು ಮಾತ್ರ ಆಗುತ್ತದೆ, ಬರೆಯಲು ಆಗುವುದಿಲ್ಲ, ಆದ್ದರಿಂದ ಪಟ್ಟಿ ನಿಮ್ಮದೇ ಆಗಬೇಕು. ವಿಕಿಮೀಡಿಯಾ ಕಾಮನ್ಸ್‌ನವರು ಕೂಡ ವಿಡಿಯೋ ಟ್ಯಾಗ್‌ನಲ್ಲಿ ‘ಡ್ಯುರೇಶನ್ ಹಿಂಟ್’ ಅಂತ ಅವಧಿಯ ಸುಳಿವು ಇಟ್ಟಿದ್ದಾರೆ. ಕಂಪ್ಯೂಟರಿನಲ್ಲಿ ಇದು ನಡೆಯುತ್ತದೆ. ಐಫೋನ್‌ನಲ್ಲಿ ವಿಡಿಯೋ ದೊಡ್ಡದು ಮಾಡಿದ ಕೂಡಲೇ ಫೋನಿನದ್ದೇ ಪ್ಲೇಯರ್ ಬಂದು ನಿಮ್ಮ ಪಟ್ಟಿ ಮರೆಯಾಗುತ್ತದೆ, ಅದಕ್ಕೆ ಮೊದಲು 206ರ ತಕರಾರು ಹೇಗೂ ಇದ್ದೇ ಇದೆ. ವೆಬ್‌ಎಂ ಆದರೆ ಗೊತ್ತಿರುವ ಅವಧಿಯನ್ನು ಶುರುವಿನಲ್ಲೇ ಬರೆದು ಕಳಿಸಬಹುದು, ಸಂಖ್ಯೆ ಚೆನ್ನಾಗಿ ಕಾಣುತ್ತದೆ, ಆದರೆ ಎಲ್ಲಿಗೆ ಹಾರಬೇಕು ಅನ್ನುವ ಸೂಚಿ ಇಲ್ಲದೆ ಎಳೆಯಲು ಆಗುವುದಿಲ್ಲ. ಬೋರ್ಡ್ ಇರುವ ಬಸ್ಸು, ಎಂಜಿನ್ ಇಲ್ಲ.

ಡೇಟಾಬೇಸಿನಲ್ಲಿ ಅವಧಿ ಇಟ್ಟುಕೊಳ್ಳುವುದು ಮಾತ್ರ ಯಾವ ದಾರಿ ಹಿಡಿದರೂ ಉಪಯೋಗವೇ. ಪಟ್ಟಿಯ ಪುಟದಲ್ಲಿ ಚಿತ್ರದ ಮೂಲೆಯಲ್ಲಿ 7:02:10 ಅಂತ ತೋರಿಸಲು ಪ್ರತಿ ವಿಡಿಯೋ ತೆರೆಸಬೇಕಿಲ್ಲ. ಸೆಕೆಂಡಿನಲ್ಲೇ ಇಡಿ, ತೋರಿಸುವಾಗ ಗಂಟೆ ನಿಮಿಷ ಮಾಡಿಕೊಳ್ಳಿ. ಹುಡುಕುವ ಯಂತ್ರಗಳಿಗೆ ಪುಟದ ಒಳಗೆ ಪಿ, ಟಿ, 7, ಎಚ್, 2, ಎಂ, 10, ಎಸ್ ಅಂತ ಒಂದರ ಪಕ್ಕ ಒಂದು ಜೋಡಿಸಿ ಬರೆಯುವ ಕ್ರಮ ಇದೆ, ಅದನ್ನೂ ಹಾಕಬಹುದು. ಅದು ಹುಡುಕುವವರಿಗೆ, ಪ್ಲೇಯರ್ ಅದನ್ನು ಓದುವುದಿಲ್ಲ. ಇವೆರಡನ್ನು ಒಂದೇ ಅಂತ ತಿಳಿದು ದಿನಗಟ್ಟಲೆ ತಲೆ ಕೆಡಿಸಿಕೊಂಡವರಿದ್ದಾರೆ.

ಸರಿಯಾಯಿತಾ ಅಂತ ನೋಡುವುದು ಸುಲಭ. ಕಂಪ್ಯೂಟರಿನ ಬ್ರೌಸರಿನಲ್ಲಿ ಕನ್ಸೋಲ್ ತೆರೆದು ವಿಡಿಯೋದ ಅವಧಿ ಕೇಳಿ. ‘ನ್ಯಾನ್’ ಬಂದರೆ ಮೆಟಾಡೇಟಾ ಇನ್ನೂ ಬಂದೇ ಇಲ್ಲ, ‘ಇನ್ಫಿನಿಟಿ’ ಬಂದರೆ ಬಂದಿದೆ ಆದರೆ ಕೊನೆ ಗೊತ್ತಿಲ್ಲ, 25330 ತರದ ಸಂಖ್ಯೆ ಬಂದರೆ ಗೆದ್ದಿರಿ. ಆಮೇಲೆ ನೆಟ್‌ವರ್ಕ್ ಪಟ್ಟಿ ನೋಡಿ, ಎಂಪಿ4ಗೆ 206 ಬರುತ್ತಿದೆಯಾ ಅಂತ. ಪಿಎಚ್‌ಪಿ ಅಥವಾ ಬೇರೆ ಸ್ಕ್ರಿಪ್ಟಿನ ಮೂಲಕ ಫೈಲ್ ಕಳಿಸುತ್ತಿದ್ದರೆ ಅಲ್ಲಿಯೇ 206 ಕಳೆದುಹೋಗುವುದು ಜಾಸ್ತಿ. ಫೈಲನ್ನು ವೆಬ್ ಸರ್ವರ್ ನೇರ ಕೊಡಲಿ, ನಡುವೆ ದಳ್ಳಾಳಿ ಬೇಡ.

ಎಲ್ಲ ಒಟ್ಟಿಗೆ ಶುರು ಮಾಡಬೇಡಿ. ಮೊದಲು ಆ ದುಬೈಯವರು ಕೇಳಿದ ಒಂದು ಆಟ ಎಚ್‌ಎಲ್‌ಎಸ್ ಮಾಡಿ, ಅವರಿಗೇ ಕಳಿಸಿ, ಅವರದ್ದೇ ಫೋನಿನಲ್ಲಿ ನೋಡಲು ಹೇಳಿ. ಹೊಸ ಫೈಲಿಗೆ ಹೊಸ ಹೆಸರು ಕೊಡಿ. ಹಳೇ ಹೆಸರೇ ಇಟ್ಟರೆ ಅವರ ಬ್ರೌಸರಿನ ಕ್ಯಾಶ್‌ನಲ್ಲಿ ಹಳತೇ ಕೂತಿರುತ್ತದೆ, ಇನ್ನೂ 0:12 ಅಂತ ತೋರಿಸುತ್ತದೆ ಅಂತ ಫೋನ್ ಬರುತ್ತದೆ, ನೀವು ಇಲ್ಲಿ ಸರಿ ಇರುವ ಸರ್ವರ್ ಬಿಚ್ಚಿ ಕೂರುತ್ತೀರಿ.